ಇಪ್ಪತ್ತು ಡಿಗ್ರಿಯ ಎರ್ರಿಸ್ವಾಮಿ

ನಮ್ಮ ಚಿತ್ರದುರ್ಗದ ಕಾಲೇಜಿನಲ್ಲಿ ಫಿಸಿಕ್ಸ್ ವಿಭಾಗದ ಮುಖ್ಯಸ್ಥರು ಡಾ. ಎರ್ರಿಸ್ವಾಮಿ. ಮ್ಯೂಯಾನ್ ಎಂಬ ಕಣದ ಬೆನ್ನು ಹತ್ತಿ ಡಾಕ್ಟರಾದವರು. ಹತ್ತಿದ್ದು ಕಂಪ್ಯೂಟರಿನೊಳಗೆ ಮಾತ್ರ. ವಿದೇಶದ ಕೊಲೈಡರುಗಳಲ್ಲಿ ಕಣಗಳು ಡಿಕ್ಕಿ ಹೊಡೆದಾಗ ಚಿಮ್ಮುವ ಮ್ಯೂಯಾನ್, ಅನಿಲ ತುಂಬಿದ ಪೆಟ್ಟಿಗೆಯನ್ನು ಹಾದುಹೋಗುತ್ತದೆ. ಪೆಟ್ಟಿಗೆಗೆ ಸರಿಯಾದ ವೋಲ್ಟೇಜ್ ಕೊಟ್ಟಿದ್ದರೆ ಅದರ ಜಾಡು ಸಿಗುತ್ತದೆ. ಅಂಥ ಪೆಟ್ಟಿಗೆಯನ್ನು ಎರ್ರಿಸ್ವಾಮಿಯವರು ಕಂಪ್ಯೂಟರಿನಲ್ಲೇ ಕಟ್ಟಿ, ಕಂಪ್ಯೂಟರಿನಲ್ಲೇ ಓಡಿಸಿ, ಹೊಳಲ್ಕೆರೆ, ಹೊಸದುರ್ಗಗಳಲ್ಲೆಲ್ಲ ಶಾಲು ಹೊದಿಸಿಕೊಂಡು ಬಂದಿದ್ದರು. ನಿಜವಾದ ಪೆಟ್ಟಿಗೆಯನ್ನು ಮುಟ್ಟಿಯೂ ನೋಡಿರಲಿಲ್ಲ.

ಮುಟ್ಟುವ ಕಾಲ ತಂದವಳು ಅವರ ಸಂಶೋಧನಾ ವಿದ್ಯಾರ್ಥಿನಿ ಅಂಬ್ರೀನ್. ಗಾಜಿನ ಹಲಗೆಗಳನ್ನು ತಾನೇ ಅಂಟಿಸಿ, ಸೋರುವಲ್ಲೆಲ್ಲ ಮುಚ್ಚಿ, ಒಂದು ಪೆಟ್ಟಿಗೆ ಮಾಡಿದ್ದಳು. ಆಕಾಶದಿಂದ ಸುರಿಯುವ ಮ್ಯೂಯಾನ್‌ಗಳನ್ನು ಅದು ಹಿಡಿದರೆ ಪಿಎಚ್‌ಡಿ. ಸುಟ್ಟುಹೋದರೆ ಎಲ್ಲವೂ ಮತ್ತೆ ಮೊದಲಿನಿಂದ.

ಎಷ್ಟು ವೋಲ್ಟೇಜ್ ಕೊಡಬೇಕೆಂದು ಸಾಹೇಬರು ಲೆಕ್ಕಕ್ಕೆ ಕೂತರು. ಏಪ್ರಿಲ್ ತಿಂಗಳು. ತಲೆಯ ಮೇಲೆ ಒದ್ದೆ ಟವೆಲ್, ಬೆವರು ಕೀಬೋರ್ಡಿಗೆ ಇಳಿಯುತ್ತಿದೆ. ಆದರೂ ಸಾಫ್ಟ್‌ವೇರಿನ ಫೈಲಿನಲ್ಲಿ ಮೊದಲೇ ಇದ್ದಂತೆ ಅನಿಲದ ಉಷ್ಣತೆ ಇಪ್ಪತ್ತು ಡಿಗ್ರಿ, ಒತ್ತಡ ಸಮುದ್ರಮಟ್ಟದ್ದು ಎಂದೇ ಬಿಟ್ಟರು.

“ಸಾರ್, ಇಲ್ಲಿ ಮೂವತ್ತೆಂಟು ಐತೆ. ಊರೂ ಎತ್ತರದಾಗೈತೆ. ಗ್ಯಾಸ್ ತೆಳುವಾಗಿರ್ತೈತೆ, ಅಷ್ಟು ವೋಲ್ಟೇಜ್ ಕೊಟ್ರೆ ಕಿಡಿ ಹಾರ್ತೈತೆ,” ಎಂದಳು ಅಂಬ್ರೀನ್.

“ಏನಮ್ಮ, ವಿದೇಶದೋರು ಫೈಲ್‌ನಾಗೆ ಹಾಕಿಕೊಟ್ಟಿದ್ದನ್ನ ನೀನು ತಿದ್ತೀಯ? ನನ್ನ ಥೀಸಿಸ್‌ನಾಗೂ ಇಪ್ಪತ್ತೇ ಐತೆ. ಸುಮ್ಕಿರು.”

ಸ್ವಿಚ್ಚನ್ನೂ ಅವರೇ ಒತ್ತಿದರು, ಫೋಟೋ ಬೇಕಿತ್ತಲ್ಲ. ಚಟಚಟ ಸದ್ದಾಯಿತು, ಸುಟ್ಟ ವಾಸನೆ ಬಂತು. “ಅಂಟಿಸಿದ್ದು ಸರಿಯಿಲ್ಲ,” ಎಂದು ತೀರ್ಪು ಕೊಟ್ಟು ಊಟಕ್ಕೆ ಹೋದರು. ಅದೇ ವಿಭಾಗದಲ್ಲಿ ಪಾಠ ಹೇಳುವ ನಾನು ಅಲ್ಲೇ ನಿಂತಿದ್ದೆ; ಮೈಯೆಲ್ಲ ಉರಿಯಿತು. ಅಂಬ್ರೀನ್ ಗಾಜು ಬಿಚ್ಚತೊಡಗಿದಳು.

ಆಕೆ ಎರಡನೆಯ ಪೆಟ್ಟಿಗೆ ಮುಗಿಸುವಷ್ಟರಲ್ಲಿ ಮತ್ತೆ ಬೇಸಿಗೆ. ಎರ್ರಿಸ್ವಾಮಿಯವರೂ ಕೈಕಟ್ಟಿ ಕೂತಿರಲಿಲ್ಲ. ಆಡಳಿತ ಮಂಡಳಿಯವರ ಕಾಲು ಹಿಡಿದು ಲ್ಯಾಬಿಗೆ ಏಸಿ ಹಾಕಿಸಿದ್ದರು. ಲೆಕ್ಕ ತಿದ್ದುವುದಕ್ಕಿಂತ ದುರ್ಗದ ಬೇಸಿಗೆಯನ್ನೇ ತಿದ್ದುವುದು ಅವರಿಗೆ ಸಲೀಸಾಗಿ ಕಂಡಿತ್ತು.

“ನೋಡಮ್ಮ, ಇಪ್ಪತ್ತಕ್ಕೆ ಬಂತು. ಈಗ ಹಾಕು ನನ್ನ ವೋಲ್ಟೇಜು,” ಎಂದರು, ರಿಮೋಟ್ ಆಡಿಸುತ್ತ.

ಅಂಬ್ರೀನ್ ಸ್ವಿಚ್ಚಿಗೆ ಅಡ್ಡ ನಿಂತಳು. “ಶೆಕೆ ಇಳಿಸಿದ್ರಿ ಸಾರ್. ದುರ್ಗಾನ ಸಮುದ್ರದ ಮಟ್ಟಕ್ಕೆ ಯಾವಾಗ ಇಳಿಸ್ತೀರ?”

ಅವರು ಬಾಯಿ ತೆರೆಯುವಷ್ಟರಲ್ಲಿ ಆಕೆ ತನ್ನ ಲೆಕ್ಕದ ಕಡಿಮೆ ವೋಲ್ಟೇಜ್ ಕೊಟ್ಟಾಗಿತ್ತು. ಕಿಡಿ ಹಾರಲಿಲ್ಲ. ಮ್ಯೂಯಾನ್‌ಗಳ ಗುರುತುಗಳು ಒಂದೊಂದಾಗಿ ಪರದೆಯ ಮೇಲೆ ಬಿದ್ದವು.

ಅವತ್ತಿನ ಫೋಟೋ ಕಾಲೇಜಿನ ಗೋಡೆಯ ಮೇಲಿದೆ. ನಡುವೆ ಎರ್ರಿಸ್ವಾಮಿಯವರೇ ಇದ್ದಾರೆ, ಕೈಯಲ್ಲಿ ಏಸಿಯ ರಿಮೋಟ್.