ಎರಡು ಬಸ್ಸುಗಳ ನಡುವಿನ ಎಂಟು ನಿಮಿಷ

ಅವರ ಕೆಳತುಟಿಯ ನಡುವೆ ಕಡಲೆಕಾಳಿನಷ್ಟು ಒಂದು ಗುಳಿ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಸೀಟಿ ಊದಿ ಊದಿ ಆದದ್ದು. ಸೀಟಿ ಕೊರಳಿನ ದಾರದಲ್ಲಿ ನೇತಾಡುತ್ತಿದ್ದಾಗಲೂ ಆ ಜಾಗದಲ್ಲಿ ತುಟಿ ಒಳಕ್ಕೆ ಹೋಗಿ, ಏನೋ ಹೇಳಲು ಹೊರಟು ತಡೆದುಕೊಂಡವರಂತೆ ಕಾಣುತ್ತಿದ್ದರು. ಹೊಳೆನರಸೀಪುರದಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಕಡೆ ಅವರು ಟೈಮ್‌ಕೀಪರ್. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ಬಸ್ ಮಾಲೀಕರು ಸೇರಿ ಮಾಡಿಕೊಂಡಿದ್ದ ಸಂಘ ಅವರನ್ನು ಇಟ್ಟುಕೊಂಡಿತ್ತು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದುಕೊಳ್ಳುವುದು, ಹೊತ್ತಾದ ಕೂಡಲೇ ಸೀಟಿ ಊದಿ ಹೊರಡಿಸುವುದು ಅವರ ಕೆಲಸ. ಡ್ರೈವರುಗಳು, ಹೂವು ಮಾರುವವರು, ದಿನವೂ ಓಡಾಡುವ ನಾವು, ಎಲ್ಲರೂ ಅವರನ್ನು ಟೈಮಣ್ಣ ಎನ್ನುತ್ತಿದ್ದೆವು.

ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ಒಂದು ಕೆರೆಯ ಏರಿ ಕಣ್ಣಮುಂದೆ ಬರುತ್ತದೆ, ಏರಿಯ ಮೇಲೆ ವಾಲಿ ನಿಂತ ಬಸ್ಸು ಬರುತ್ತದೆ. ಆ ಬಸ್ಸು ಅಲ್ಲಿಗೆ ಹೋಗಿ ನಿಲ್ಲಲು ನನ್ನ ಒಂದು ಫೋನು ಕಾರಣ. ಅದನ್ನು ಹೇಳಬೇಕಾಗಿದ್ದ ದಿನ ನನಗೆ ಬಾಯಿ ಬರಲಿಲ್ಲ. ಆದ್ದರಿಂದ ಈಗ ಕಂಡದ್ದನ್ನು ಕಂಡಷ್ಟೇ, ನಿಧಾನವಾಗಿ ಬರೆಯುತ್ತೇನೆ.

ನಾನು ಚನ್ನರಾಯಪಟ್ಟಣದವಳು. ಕೆಲಸ ಅರಕಲಗೂಡಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಒಂಬತ್ತಕ್ಕೆ ಬಾಗಿಲು ತೆಗೆಯಬೇಕು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆಯೇನೋ ನಿಜ, ಆದರೆ ನನ್ನ ಹೊತ್ತಿಗೆ ಹೊಂದುತ್ತಿದ್ದುದು ಖಾಸಗಿ ಬಸ್ಸು. ಚನ್ನರಾಯಪಟ್ಟಣದಿಂದ ಹೊರಟ ಬಸ್ಸು ಎಂಟು ಗಂಟೆ ಐದು ನಿಮಿಷಕ್ಕೆ ಹೊಳೆನರಸೀಪುರ ಮುಟ್ಟುತ್ತಿತ್ತು. ಎಂಟು ಹತ್ತಕ್ಕೆ ಅರಕಲಗೂಡಿನ ಬಸ್ಸು. ನಡುವೆ ಐದು ನಿಮಿಷ. ಈ ಹೊಂದಾಣಿಕೆಗೆ ಎಲ್ಲರೂ ಕನೆಕ್ಷನ್ ಎನ್ನುತ್ತಿದ್ದರು.

ಚನ್ನರಾಯಪಟ್ಟಣದ ಬಸ್ಸು ತಡವಾದರೆ ಅರಕಲಗೂಡಿನ ಬಸ್ಸು ಕಾಯುತ್ತಿತ್ತು. ಆದರೆ ನಾಲ್ಕೇ ನಿಮಿಷ. ಕಾರಣವನ್ನು ಟೈಮಣ್ಣನೇ ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. ದಾರಿಯ ನಡುವೆ ಒಂದು ಕ್ರಾಸ್ ಇದೆ. ಹಾಸನದಿಂದ ಹಳ್ಳಿಗಳ ಮೇಲೆ ಸುತ್ತಿಕೊಂಡು ಬರುವ ಇನ್ನೊಬ್ಬ ಮಾಲೀಕರ ಬಸ್ಸು ಅಲ್ಲಿ ಬಂದು ನಮ್ಮ ರಸ್ತೆಗೆ ಸೇರುತ್ತದೆ. ಅದೂ ಅರಕಲಗೂಡಿಗೇ ಹೋಗುವುದು. ನಮ್ಮ ಬಸ್ಸು ದಾಟಿ ಎಂಟು ನಿಮಿಷವಾದ ಮೇಲೆ ಅದು ಕ್ರಾಸಿಗೆ ಬರಬೇಕು. ಅಂತರ ಕಡಿಮೆಯಾದರೆ ಎರಡಕ್ಕೂ ಪೈಪೋಟಿ, ಏಕೆಂದರೆ ರಸ್ತೆಬದಿಯಲ್ಲಿ ಕಾದವರು ಮುಂದೆ ಬಂದ ಬಸ್ಸಿಗೆ ಹತ್ತುತ್ತಾರೆ.

"ಆ ಎಂಟ್ರಾಗೆ ನಾಕು ನಿಮಿಷ ನಿಮ್ದು ಕಣವ್ವ, ನಾಕು ನಿಮಿಷ ರೋಡಿಂದು," ಎಂದಿದ್ದರು. "ರೋಡಿಂದ ಕಿತ್ಕಬಾರ್ದು."

ನಾಲ್ಕು ನಿಮಿಷ ಕಾಯಿಸಿದ ದಿನ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಕ್ರಾಸಿನಲ್ಲಿ ಟೀ ಅಂಗಡಿಯೊಂದಿದೆ. ಅಂಗಡಿಯವರಿಗೆ ಫೋನು ಮಾಡಿ, "ಆಸನದ ಡ್ರೈವರ್ಗೆ ಒಂದ್ ಟೀ ಕೊಡಪ್ಪ," ಎನ್ನುತ್ತಿದ್ದರು. ಅಷ್ಟೇ ಮಾತು. ಹಾಸನದ ಬಸ್ಸು ಬಂದು ನಿಂತರೆ ಅಂಗಡಿಯವರು ಟೀ ಹಿಡಿದು ಹೋಗುತ್ತಿದ್ದರು. ಬಿಸಿ ಟೀ ಕುಡಿದು, ಎರಡು ಮಾತಾಡಿ ಡ್ರೈವರು ಹೊರಡುವಷ್ಟರಲ್ಲಿ ರಸ್ತೆಯ ಅಂತರ ಸರಿಹೋಗಿರುತ್ತಿತ್ತು. ಹಳೆಯ ಡ್ರೈವರುಗಳಿಗೆ ಇದರ ಅರ್ಥ ಗೊತ್ತಿತ್ತು. ನಿಲ್ಲು ಎಂದು ಹೇಳುವ ಅಧಿಕಾರ ಹೊಳೆನರಸೀಪುರದ ಟೈಮ್‌ಕೀಪರಿಗೆ ಹಾಸನದ ಬಸ್ಸಿನ ಮೇಲೆ ಇರಲಿಲ್ಲ. ಟೀ ಕೊಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಾಲ್ಕು ಊರಿನ ಟೈಮ್‌ಕೀಪರುಗಳಿಗೆ ಒಂದು ವಾಟ್ಸಾಪ್ ಗುಂಪಿತ್ತು. ಒಂದು ಬಸ್ಸು ಮುಂದಿನ ಊರು ಸೇರಿದರೆ ಅಲ್ಲಿನವರು 'ಬಂತು' ಎಂದು ಹಾಕುತ್ತಿದ್ದರು. ನಮ್ಮ ಬಸ್ಸು ಹೊರಟ ಮೇಲೆ ಅರಕಲಗೂಡಿನಿಂದ 'ಬಂತು' ಎಂದು ಬರುವವರೆಗೆ ಟೈಮಣ್ಣ ತಿಂಡಿ ತಿನ್ನುತ್ತಿರಲಿಲ್ಲ. ಮನೆಯಿಂದ ತಂದ ಡಬ್ಬಿ ಬೆಂಚಿನ ಮೇಲೆ ಹಾಗೇ ಇರುತ್ತಿತ್ತು. ಇದನ್ನು ಹೂವಿನವರು ಆಡಿಕೊಳ್ಳುತ್ತಿದ್ದರು: "ಬಸ್ಸು ಕಳ್ಸಿರೋದಾ ಇವನು, ಮಗಳನ್ನ ಗಂಡನ ಮನೇಗ್ ಕಳ್ಸಿರೋದಾ?" ಟೈಮಣ್ಣ ನಗುತ್ತಿರಲಿಲ್ಲ. "ತಡವಾದ್ರೆ ಬೈತಾರೆ ಕಣಕ್ಕ. ಬಿರ್ರನೆ ಓದ್ರೆ ಅಳ್ತಾರೆ. ಬೈಸ್ಕಳದೇ ವಾಸಿ," ಎಂದು ಮತ್ತೆ ಫೋನು ನೋಡುತ್ತಿದ್ದರು.

ಅದು ಮಂಜಿನ ಕಾಲ. ಅಯ್ಯಪ್ಪನ ಮಾಲೆ ಹಾಕಿದವರು ಕಪ್ಪು ಬಟ್ಟೆಯಲ್ಲಿ ಎಲ್ಲೆಲ್ಲೂ ಕಾಣುವ ದಿನಗಳು. ಆ ವಾರ ನಾನು ಎರಡು ಸಲ ಲ್ಯಾಬಿಗೆ ತಡವಾಗಿ ಹೋಗಿದ್ದೆ. ಮೂರನೆಯ ಸಲವಾದರೆ ಕೀ ಕೊಟ್ಟು ಮನೆಗೆ ಹೋಗು ಎಂದು ಲ್ಯಾಬಿನ ಡಾಕ್ಟರು ಹೇಳಿದ್ದರು. ನನ್ನ ಮನೆ ನಡೆಯುತ್ತಿದ್ದುದು ಆ ಕೆಲಸದಿಂದ. ಆ ಬೆಳಿಗ್ಗೆ ಚನ್ನರಾಯಪಟ್ಟಣ ಬಿಟ್ಟ ಬಸ್ಸು ಮಂಜಿನಲ್ಲಿ ತೆವಳುತ್ತಿತ್ತು. ಎಂಟು ಗಂಟೆಯಾದರೂ ಊರು ದೂರವಿತ್ತು. ಅಳು ತಡೆಯಲಾಗದೆ ಟೈಮಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ಇವತ್ತು ಬಸ್ಸು ತಪ್ಪಿದರೆ ನನ್ನ ಕೆಲಸ ಹೋಗುತ್ತೆ. ಒಂದು ಹತ್ತು ನಿಮಿಷ ನಿಲ್ಸಿ."

ಆ ಕಡೆಯಿಂದ ಬಸ್ಸಿನ ಇಂಜಿನ್ನಿನ ಸದ್ದು ಕೇಳುತ್ತಿತ್ತು. "ಅಳಬ್ಯಾಡ, ಬಾ," ಎಂದರು ಟೈಮಣ್ಣ.

ನಾನು ಇಳಿದು ಓಡಿಹೋಗಿ ಹತ್ತಿದಾಗ ಎಂಟು ಗಂಟೆ ಹತ್ತೊಂಬತ್ತು ನಿಮಿಷ. ಒಂಬತ್ತು ನಿಮಿಷ ತಡ. ಬಸ್ಸಿನೊಳಗಿನವರು ಗೊಣಗುತ್ತಿದ್ದರು. "ಯಾವ ಮಾರಾಣಿಗ್ ಕಾಯ್ತಿದ್ರೋ ಇಷ್ಟೊತ್ತು," ಎಂದಿತು ಒಂದು ದನಿ. ಟೈಮಣ್ಣ ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದರು. "ಎರಡ್ ಟೀ ಆದ್ರೂ ಸರಿ, ಕುಡ್ಸು," ಎನ್ನುತ್ತಿದ್ದುದು ಕೇಳಿಸಿತು. ಸೀಟಿ ಊದಿದರು. ಡ್ರೈವರಿನ ಕಿಟಕಿಗೆ ಬಂದು, "ನಿಧಾನ ಓಗಪ್ಪ, ಆಸನದ್ದು ನಿಲ್ಸಿವ್ನಿ," ಎಂದರು.

ನಾನು ಡ್ರೈವರಿನ ಹಿಂದಿನ ಸೀಟಿನ ಪಕ್ಕ ನಿಂತಿದ್ದೆ. ಕ್ರಾಸ್ ಬರುವವರೆಗೆ ಏನೂ ಆಗಲಿಲ್ಲ. ಕ್ರಾಸಿನಲ್ಲಿ ಹಾಸನದ ಬಸ್ಸು ನಿಂತಿರಲಿಲ್ಲ. ಅದರ ಹಿಂದಿನ ಕೆಂಪು ದೀಪಗಳು ನಮ್ಮ ಮುಂದೆ ಮಂಜಿನಲ್ಲಿ ಹೋಗುತ್ತಿದ್ದವು.

ನಡೆದದ್ದೇನೆಂದು ನಮಗೆ ತಿಳಿದದ್ದು ಆಮೇಲೆ. ಅಂಗಡಿಯವರು ಟೀ ಹಿಡಿದು ಹೋಗಿದ್ದರು. ಅಂದಿನ ಡ್ರೈವರು ಆ ದಾರಿಗೆ ಹೊಸಬ, ಮಾಲೆ ಹಾಕಿದವನು. "ಮಾಲೆ ಆಕಿವ್ನಿ ಸ್ವಾಮಿ, ಓಟ್ಲಲ್ಲಿ ಏನೂ ಮುಟ್ಟಾಕಿಲ್ಲ," ಎಂದು ಕೈಮುಗಿದು ಹೊರಟುಬಿಟ್ಟಿದ್ದ. ಟೀ ಕೊಡುವುದೇಕೆ ಎಂದು ಅಂಗಡಿಯವರಿಗೆ ಟೈಮಣ್ಣ ಯಾವತ್ತೂ ಹೇಳಿರಲಿಲ್ಲ. ವ್ರತದವರಿಗೆ ಒತ್ತಾಯ ಮಾಡಬಾರದೆಂದು ಅವರು ಲೋಟ ಹಿಡಿದು ಒಳಗೆ ಹೋದರು.

ನಮ್ಮ ಡ್ರೈವರು, "ನಮ್ ಟೈಮ್ನಾಗೆ ನುಗ್ತಾವ್ನಲ್ಲಲೇ ಇವ್ನು," ಎಂದು ಹಾರ್ನ್ ಒತ್ತಿ ಹಿಡಿದರು. ಮುಂದಿನ ಬಸ್ಸು ದಾರಿ ಬಿಡಲಿಲ್ಲ. ಎರಡೂ ಒಂದರ ಹಿಂದೊಂದು ಕೆರೆಯ ಏರಿ ಹತ್ತಿದವು. ಎಡಕ್ಕೆ ಆಳದಲ್ಲಿ ಗದ್ದೆ, ಬಲಕ್ಕೆ ನೀರು. ಅವತ್ತು ಎರಡೂ ಕಾಣುತ್ತಿರಲಿಲ್ಲ, ಎರಡೂ ಕಡೆ ಬಿಳಿ. ನಮ್ಮ ಬಸ್ಸು ಬಲಕ್ಕೆ ಹೊರಳಿ ಪಕ್ಕಕ್ಕೆ ಬಂತು. ಆ ಬಸ್ಸಿನ ಕಿಟಕಿಯಲ್ಲಿ ಒಬ್ಬ ಮುದುಕಿ ನನ್ನನ್ನು ನೋಡುತ್ತಿದ್ದುದು ನೆನಪಿದೆ. ಅಷ್ಟರಲ್ಲಿ ಎಡಗಡೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೊಂದು ಮಂಜಿನಿಂದ ಬಂತು. ಸೈಕಲ್ಲಿನವನನ್ನು ಉಳಿಸಲು ಹಾಸನದ ಬಸ್ಸು ಬಲಕ್ಕೆ ಸರಿಯಿತು. ನಮ್ಮ ಬಸ್ಸಿಗೆ ಸರಿಯಲು ಜಾಗವಿರಲಿಲ್ಲ.

ಸದ್ದು ದೊಡ್ಡದೇನೂ ಆಗಲಿಲ್ಲ. ಏರಿಯ ಅಂಚಿನ ಒಂದು ಗೂಟಕಲ್ಲು ಉರುಳಿದ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಅದು ನೀರಿಗೆ ಬಿದ್ದ ಸದ್ದು. ಬಸ್ಸು ಬಲಕ್ಕೆ ವಾಲಿ ನಿಂತಿತು. ಮುಂದಿನ ಬಲಗಾಲಿಯ ಕೆಳಗೆ ನೆಲವಿರಲಿಲ್ಲ. ಡ್ರೈವರು ಕೂತಿದ್ದುದು ನೀರಿನ ಮೇಲೆ. ಬ್ರೇಕಿನ ಮೇಲಿನ ಕಾಲು ತೆಗೆಯದೆ, ತಲೆ ತಿರುಗಿಸದೆಯೇ, "ಯಾರೂ ನನ್ ಕಡೀಕ್ ಬರಬ್ಯಾಡಿ," ಎಂದರು.

ಕಂಡಕ್ಟರು ಪಿಸುಮಾತಿನಂತೆ ಹೇಳಿದರು: "ಎಡಕ್ ಸರೀರಿ. ಒಬ್ಬೊಬ್ರೇ ಇಳೀರಿ. ನೂಕಬ್ಯಾಡಿ."

ನಾವು ಇಳಿದೆವು. ಒಬ್ಬೊಬ್ಬರು ಇಳಿದಾಗಲೂ ಬಸ್ಸು ಒಂದಿಷ್ಟು ಅಲುಗುತ್ತಿತ್ತು. ಒಬ್ಬ ಅಜ್ಜಿ, "ಸಾಯಕ್ ಓಗ್ವಾಗ್ಲೂ ಕಾಲ್ ತುಳೀತೀರಲ್ಲೋ," ಎಂದು ಬೈದರು. ಯಾರೂ ನಗಲಿಲ್ಲ. ನನ್ನ ಸರದಿ ಬಂದಾಗ ಹಿಡಿದಿದ್ದ ಕಂಬಿಯನ್ನು ಬಿಡಲು ನನ್ನ ಬೆರಳುಗಳು ಒಪ್ಪಲಿಲ್ಲ. ಕಂಡಕ್ಟರು ಒಂದೊಂದೇ ಬೆರಳು ಬಿಡಿಸಿದರು. ಕೊನೆಯವರಾಗಿ ಡ್ರೈವರು ಸೀಟಿನಿಂದ ಎಡಕ್ಕೆ ಉರುಳಿ, ತೆವಳಿಕೊಂಡು ಹೊರಬಂದರು. ಯಾರೂ ಸಾಯಲಿಲ್ಲ.

'ಬಂತು' ಎಂಬ ಸಂದೇಶ ಬರಲಿಲ್ಲವೆಂದು ಟೈಮಣ್ಣ ಯಾರದೋ ಬೈಕಿನ ಹಿಂದೆ ಕೂತು ಬಂದರು. ನಾನು ಆಗ ಏರಿಯ ಮೇಲೆ ಬಂದ ಗೂಡ್ಸ್ ಆಟೋ ಒಂದರ ಪಕ್ಕ ನಿಂತಿದ್ದೆ. ಹತ್ತಲೋ ಬೇಡವೋ ತಿಳಿಯದೆ ನಿಂತಿದ್ದೆ. ಅವರು ಮೊದಲು ಗಾಲಿ ನೋಡಿದರು, ಆಮೇಲೆ ನೀರು ನೋಡಿದರು. ನನ್ನ ಹತ್ತಿರ ಬಂದು, "ಬೀಗದ ಕೈ ನಿನ್ ತಾವ ಐತಲ್ಲ. ಓಗು," ಎಂದರು.

ನಾನು ಹೋದೆ. ಬಾಗಿಲು ತೆಗೆದೆ. ತಡವಾಗಿತ್ತು, ಆದರೆ ಬಸ್ಸಿನ ಸುದ್ದಿ ಕೇಳಿ ಡಾಕ್ಟರು ಬೈಯಲಿಲ್ಲ. ಅವತ್ತು ನನ್ನ ಸೂಜಿಗೆ ಯಾರ ನರವೂ ಸಿಗಲಿಲ್ಲ.

ಕೆಲವು ದಿನಗಳ ಮೇಲೆ ಸಂಘದ ಸಭೆ ಹೊಳೆನರಸೀಪುರದಲ್ಲಿ ಸೇರಿತು. ಬಸ್ಸಿನಲ್ಲಿದ್ದ ಕೆಲವರನ್ನು ಸಾಕ್ಷಿಗೆಂದು ಕರೆದಿದ್ದರು. ಅವರಲ್ಲಿ ನಾನೂ ಒಬ್ಬಳು. ನಮ್ಮ ಡ್ರೈವರು ತಮ್ಮ ತಪ್ಪು ಒಪ್ಪಿಕೊಂಡರು. ಟೀ ಅಂಗಡಿಯವರು ಮಾಲೆಯ ಸಂಗತಿ ಹೇಳಿದರು. ಆಮೇಲೆ ಸಂಘದ ಕಾರ್ಯದರ್ಶಿ ಟೈಮಣ್ಣನತ್ತ ತಿರುಗಿದರು.

"ನಾಲ್ಕೇ ನಿಮಿಷ ಅಂತ ರೂಲ್ಸ್ ಮಾಡ್ದೋನೇ ನೀನು. ಒಂಬತ್ತು ನಿಮಿಷ ಯಾರಿಗೆ ನಿಲ್ಲಿಸ್ದೆ?"

"ಪ್ಯಾಸೆಂಜರ್ಗೆ ಸಾ."

"ಪ್ಯಾಸೆಂಜರಿಗೆ ಹೆಸರಿಲ್ವಾ?"

"ಟಿಕೆಟ್ನಾಗೆ ಎಸ್ರು ಬರ್ಯಾಕಿಲ್ವಲ್ಲ ಸಾ."

ಹಿಂದೆ ಕೂತವರು ಯಾರೋ ನಕ್ಕರು. ಕಾರ್ಯದರ್ಶಿಗೆ ಸಿಟ್ಟು ಬಂತು. ಇನ್ನು ಮೇಲೆ ಯಾವ ಊರಿನಲ್ಲೂ ಯಾವ ಬಸ್ಸೂ ಇನ್ನೊಂದಕ್ಕೆ ಕಾಯುವುದು ಬೇಡ, ಕನೆಕ್ಷನ್ ಎಂಬುದನ್ನೇ ತೆಗೆದುಬಿಡೋಣ ಎಂದರು. ಹಲವರು ಹೌದೆಂದರು. ನಾನು ಎದ್ದು ನಿಲ್ಲಬೇಕೆಂದುಕೊಂಡೆ. ಹೆಸರು ಹೊರಬಿದ್ದರೆ ಡಾಕ್ಟರಿಗೆ ತಿಳಿಯುತ್ತದೆ, ಆ ಬಸ್ಸಿನ ಜನ ನನ್ನನ್ನು ಏನೆಂದುಕೊಳ್ಳುತ್ತಾರೋ ಎಂದು ಕೂತೇ ಇದ್ದೆ.

ಎದ್ದವರು ಟೈಮಣ್ಣ. ಕೈ ಕಟ್ಟಿಕೊಂಡು ನಿಂತಿದ್ದರು. "ಟೀ ಕಳ್ಸಿದ್ದು ನಾನು ಸಾ. ಟೀ ಅಲ್ಲ, ಮಾತು ಕಳ್ಸಬೇಕಿತ್ತು. ಆ ಡ್ರೈವರ್ ಕೂಟೆ ನಾನೇ ಮಾತಾಡಬೇಕಿತ್ತು. ತಪ್ಪು ನಂದು. ನನ್ನ ಬೇಕಾದ್ರೆ ತೆಗೀರಿ, ಕನೆಕ್ಷನ್ ತೆಗೀಬ್ಯಾಡಿ. ಚನ್ರಾಯಪಟ್ಣದಿಂದ ಬರೋ ಜನ ರೋಡ್ನಾಗ್ ನಿಂತ್ಕಬುಡ್ತಾರೆ."

ಸಂಘ ಎರಡನ್ನೂ ಮಾಡಿತು. ಅವರನ್ನು ತೆಗೆಯಿತು, ಕನೆಕ್ಷನ್ ಉಳಿಸಿತು. ನಾಲ್ಕು ನಿಮಿಷ ಕಾಯಿಸುವ ಟೈಮ್‌ಕೀಪರ್ ಕ್ರಾಸಿಗೆ ಬರುವ ಬಸ್ಸಿನ ಡ್ರೈವರ ಜೊತೆ ತಾನೇ ಮಾತಾಡಿ, ಅವನು ಒಪ್ಪಿದ ಮೇಲೆಯೇ ಸೀಟಿ ಊದಬೇಕು ಎಂದು ಬರೆದುಕೊಂಡಿತು. ಇವತ್ತಿಗೂ ಹಾಗೆಯೇ ನಡೆಯುತ್ತಿದೆ. ನನ್ನ ಕೆಲಸವೂ ನಡೆಯುತ್ತಿದೆ.

ಆಮೇಲೆ ಅವರನ್ನು ಒಂದೇ ಸಲ ನೋಡಿದೆ. ಬಸ್ ನಿಲ್ದಾಣದ ಹೊರಗೆ ಸೊಪ್ಪಿನ ಚೀಲ ಹಿಡಿದು ಹೋಗುತ್ತಿದ್ದರು. ಓಡಿಹೋಗಿ, "ಅಣ್ಣಾ, ಅವತ್ತು ಸಭೆಯಲ್ಲಿ ನಾನು..." ಎನ್ನುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಬಸ್ಸಿನ ಕಡೆ ಕೈ ತೋರಿಸಿದರು. "ಟೈಮಾಯ್ತು. ಅತ್ಕೋ ಓಗು." ಮುಂದೆ ಮಾತಾಡಲು ಬಿಡಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಎದೆನೋವಿನಿಂದ ತೀರಿಕೊಂಡರು. ಸುದ್ದಿ ಕಂಡಕ್ಟರಿಂದ ತಿಳಿಯಿತು. ಮಾರನೆಯ ದಿನ ರಜೆ ಹಾಕಿ ಅವರ ಮನೆಗೆ ಹೋದೆ. ಸಣ್ಣ ಬೀದಿ, ತುಂಬ ಜನ. ಮಲಗಿಸಿದ್ದರು. ಹೆಚ್ಚು ಹೊತ್ತು ನೋಡಲಾಗಲಿಲ್ಲ. ಹೊರಗೆ ಚಪ್ಪರದ ಕಂಬಕ್ಕೆ ಒರಗಿ ನಮ್ಮ ಡ್ರೈವರು ನಿಂತಿದ್ದರು. ಏರಿಯ ಘಟನೆಯ ನಂತರ ಅವರನ್ನೂ ಸ್ವಲ್ಪ ಕಾಲ ಕೂರಿಸಿ, ಮತ್ತೆ ಅದೇ ಬಸ್ಸಿಗೆ ಹಾಕಿದ್ದರು. ದಿನವೂ ಅವರ ಬಸ್ಸಿನಲ್ಲೇ ಹೋಗುತ್ತಿದ್ದರೂ ನಾನು ಅವರ ಮುಖ ನೋಡಿ ಮಾತಾಡಿರಲಿಲ್ಲ.

ಅವರ ಹತ್ತಿರ ಹೋದೆ. "ಅಣ್ಣಾ, ಅವತ್ತು ಒಂಬತ್ತು ನಿಮಿಷ ಬಸ್ಸು ನಿಲ್ಲಿಸಿದ್ದು ನನಗೆ. ನಾನೇ ಫೋನು ಮಾಡಿದ್ದು," ಎಂದೆ.

ಅವರು ನನ್ನತ್ತ ತಿರುಗಲಿಲ್ಲ. "ಗೊತ್ತು ಕಣವ್ವ," ಎಂದರು. "ಅವತ್ತು ಓಡ್ಬಂದು ಬಸ್ಸತ್ತಿದ್ದು ನೀನೊಬ್ಳೇ. ಬಸ್ನಾಗಿದ್ದೋರ್ಗೆಲ್ಲ ಗೊತ್ತು."

"ಮತ್ತೆ ಸಭೆಯಲ್ಲಿ ಯಾರೂ ಯಾಕೆ..."

"ನೀನು ಆಟೋ ಅತ್ಕಂಡ್ ಓದ್ಮ್ಯಾಕೆ ಟೈಮಣ್ಣ ಒಬ್ಬೊಬ್ಬರ್ ತಾವ್ಲೂ ಬಂದು ಕೈ ಮುಗುದ. ಆ ಮಗಿನ ಎಸ್ರು ಎತ್ತಬ್ಯಾಡಿ, ಅದ್ರ ಕೆಲ್ಸ ಓಯ್ತದೆ, ನಂದೆಂಗೂ ಓದಂಗೇ ಅಂತ. ಬೈತಿದ್ದ ಆ ಅಜ್ಜಿ ತಾವ್ಲೂ ಓದ."

ಮಾರನೆಯ ದಿನ ಎಂಟು ಹತ್ತರ ಬಸ್ಸು ಹತ್ತಿದೆ. ಅವತ್ತು ಏರಿಯ ಮೇಲೆ ನನ್ನ ಜೊತೆ ಇಳಿದವರಲ್ಲಿ ನಾಲ್ಕಾರು ಜನ ಎಂದಿನಂತೆ ಕೂತಿದ್ದರು. ಬೈದಿದ್ದ ಅಜ್ಜಿಯೂ ಇದ್ದರು. ಮಡಿಲಿನ ಚೀಲ ಎತ್ತಿಕೊಂಡು, "ಬಾ, ಕೂತ್ಕೋ," ಎಂದು ಪಕ್ಕಕ್ಕೆ ಸರಿದರು. ಎರಡು ವರ್ಷದಿಂದ ಹಾಗೆಯೇ ಸರಿಯುತ್ತಿದ್ದರು.