ಸೀಮೆಸುಣ್ಣದ ಅಡುಗೆಮನೆಗಳು

ಶಾಲೆಯ ಕಾವಲುಗಾರ ಗೇಟಿನ ಬೀಗ ತೆಗೆದು, ಆಕಳಿಸುತ್ತ ತನ್ನ ಕುರ್ಚಿಗೆ ಮರಳುವಷ್ಟರಲ್ಲಿ ಆಕೆ ಅಂಗಳದ ನಡುವೆ ಮಂಡಿಯೂರಿ ಕೂತಾಗಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊರಳಲ್ಲಿ ಹಾರದ ಹಾಗೆ ಇಳಿಬಿದ್ದ ಅಳತೆ ಟೇಪು, ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆ, ಕೈಯಲ್ಲಿ ಹೆಬ್ಬೆರಳು ಗಾತ್ರದ ಸೀಮೆಸುಣ್ಣ. ಸಿಮೆಂಟು ನೆಲದ ಮೇಲೆ ಒಂದು ಗೆರೆ ಎಳೆಯುತ್ತಾರೆ. ಹಿಂದಕ್ಕೆ ಸರಿದು, ತಲೆ ವಾಲಿಸಿ ನೋಡುತ್ತಾರೆ. ಮನಸ್ಸಿಗೆ ಬರಲಿಲ್ಲವೋ, ಒರೆಸಿ ಮತ್ತೆ ಎಳೆಯುತ್ತಾರೆ.

ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಅಂಗಳದ ತುಂಬ ಅಡುಗೆಮನೆಗಳು. ಗೋಡೆಯಿಲ್ಲ, ಸೂರಿಲ್ಲ. ಆದರೆ ಒಲೆ ಎಲ್ಲಿ, ನಲ್ಲಿ ಎಲ್ಲಿ, ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂಬುದೆಲ್ಲ ಮನೆಯಲ್ಲಿರುವಷ್ಟೇ ಅಳತೆಯಲ್ಲಿದೆ. ಕಟ್ಟೆಯ ಜಾಗಕ್ಕೆ ತರಗತಿಯ ಬೆಂಚುಗಳು ಬರುತ್ತವೆ. ಒಂದೇ ಗೋಡೆಗೆ ಒಲೆ, ಕಟ್ಟೆ, ನಲ್ಲಿ ಎಲ್ಲವೂ ಅಂಟಿಕೊಂಡಿದ್ದರೆ ಅದು 'ಸಾಲು'. ಎದುರುಬದುರು ಎರಡು ಕಟ್ಟೆ, ನಡುವೆ ಓಡಾಡುವ ಜಾಗವಿದ್ದರೆ 'ಓಣಿ'. ಮೂಲೆಯಲ್ಲಿ ತಿರುಗಿದರೆ 'ಮೊಣಕೈ', ಮೂರು ಕಡೆಯಿಂದ ಸುತ್ತುವರಿದರೆ 'ಲಾಳ'. ಉಳ್ಳವರ ಮನೆಯಲ್ಲಿ ಕೋಣೆಯ ನಡುವೆ ಒಂಟಿಯಾಗಿ ನಿಲ್ಲುತ್ತದಲ್ಲ, ಅದು 'ನಡುಗಟ್ಟೆ'. ಹೆಸರುಗಳನ್ನು ಇಟ್ಟವರು ಮಕ್ಕಳೇ. ಆಕೆಗೂ ಮಕ್ಕಳೇ ಒಂದು ಹೆಸರಿಟ್ಟಿದ್ದಾರೆ: ಟೇಪ್ ಟೀಚರ್.

"ಕಾಗದದ ಮೇಲೆ ಬರೆದು ತೋರಿಸಿದ್ರೆ ಕಣ್ಣಲ್ಲಿ ನೋಡಿ ಹೂಂ ಅಂತಾರೆ, ಅಷ್ಟೆ. ಸೊಂಟ ಬೆಂಚಿಗೆ ತಾಗ್ಬೇಕು, ಒಬ್ಬರಿಗೊಬ್ಬರು ಡಿಕ್ಕಿ ಹೊಡೀಬೇಕು. ಆಗ ತಲೆಗೆ ಹೋಗುತ್ತೆ" ಎನ್ನುತ್ತಾರೆ ಟೇಪ್ ಟೀಚರ್.

ಡಿಕ್ಕಿ ಹೊಡೆಯುವುದೇ ಅವರ ಪಾಠ. ಒಬ್ಬಳು ಅಂಚಿನವರೆಗೆ ನೀರು ತುಂಬಿದ ಪಾತ್ರೆ ಹಿಡಿದು ನಲ್ಲಿಯಿಂದ ಒಲೆಗೆ ನಡೆಯಬೇಕು. ಅದೇ ಹೊತ್ತಿಗೆ ಇನ್ನೊಬ್ಬ ಬಾಗಿಲಿನಿಂದ ಒಳಗೆ ನುಗ್ಗಬೇಕು. ಮತ್ತೊಬ್ಬ ಪುಸ್ತಕದ ಚೀಲವನ್ನು ಮಗುವಿನ ಹಾಗೆ ಕಂಕುಳಲ್ಲಿ ಇರುಕಿಕೊಂಡು, ಒಂದೇ ಕೈಯಲ್ಲಿ ತರಕಾರಿ ಹೆಚ್ಚುವ ನಟನೆ ಮಾಡಬೇಕು. ನಗು, ಕಿರುಚಾಟ, ಒದ್ದೆಯಾದ ಸಮವಸ್ತ್ರ. ಎಲ್ಲ ಮುಗಿದ ಮೇಲೆ ಟೀಚರ್ ಎಲ್ಲರನ್ನೂ ಗೆರೆಯಾಚೆ ನಿಲ್ಲಿಸಿ ನೆಲದ ಮೇಲಿನ ನೀರಿನ ಕಲೆಗಳನ್ನು ತೋರಿಸುತ್ತಾರೆ. "ಇದು ಬಿಸಿನೀರಾಗಿದ್ರೆ?" ಎಂದಷ್ಟೇ ಕೇಳುತ್ತಾರೆ.

ಒಮ್ಮೆ ಒಬ್ಬ ದಾಂಡಿಗ ಹುಡುಗ ಬೆಂಚಿನ ಮೇಲೆ ಕಾಲು ಚಾಚಿ ಕೂತು, "ಇದೆಲ್ಲಾ ನಾನ್ಯಾಕೆ ಟೀಚರ್ ಕಲೀಬೇಕು?" ಎಂದು ಕೇಳಿದನಂತೆ. "ನಿಂಗೆ ಹಸಿವಾಗಲ್ವೇನಪ್ಪ?" ಎಂದರು ಟೀಚರ್. "ಆಗುತ್ತೆ." "ಹಾಗಾದ್ರೆ ಏಳು." ಅವನು ಎದ್ದ. ಪಾತ್ರೆ ಹಿಡಿದ ಮೇಲೆ ಎಲ್ಲರಿಗಿಂತ ಜೋರಾಗಿ ಚೀರಿದ್ದೂ ಅವನೇ.

ಈ ಹಟದ ಬೇರು ಆಕೆಯ ಬಾಲ್ಯದಲ್ಲಿದೆ. ಬಾಡಿಗೆಯ ಮನೆ, ಇಕ್ಕಟ್ಟಾದ ಅಡುಗೆಕೋಣೆ, ಒಳಗೆ ತೆರೆದುಕೊಳ್ಳುವ ಬಾಗಿಲು. ಬಾಗಿಲಿನ ಹಿಂದೆಯೇ ಒಲೆ. ಸ್ನಾನಕ್ಕೆಂದು ಕುದಿಯುತ್ತಿದ್ದ ನೀರನ್ನು ತಾಯಿ ಎರಡೂ ಕೈಯಿಂದ ಇಳಿಸುತ್ತಿದ್ದಾಗ ಹೊರಗೆ ಆಡುತ್ತಿದ್ದ ತಮ್ಮ ಓಡಿ ಬಂದವನೇ ಬಾಗಿಲು ದೂಡಿದ. ತಾಯಿಯ ಎಡತೋಳು ಹೆಗಲಿನವರೆಗೆ ಬೆಂದುಹೋಯಿತು. ಗಾಯ ಮಾಗಿತು, ತೋಳು ಪೂರ್ತಿ ಮೇಲೇಳಲಿಲ್ಲ. ಆಮೇಲೆ ಮಗಳ ಜಡೆ ಹೆಣೆಯುವುದಕ್ಕೂ ಅವರು ಮಗಳನ್ನೇ ನೆಲದ ಮೇಲೆ ಕೂರಿಸಿಕೊಳ್ಳಬೇಕಾಯಿತು.

"ತಮ್ಮನ್ನ ಎಲ್ಲರೂ ಬೈದ್ರು. ಪಾಪ, ಎಷ್ಟೋ ದಿನ ಅವನು ಸರಿಯಾಗಿ ಊಟಾನೇ ಮಾಡ್ಲಿಲ್ಲ. ಆದ್ರೆ ಬಾಗಿಲನ್ನ ಯಾರೂ ಬೈಯಲಿಲ್ಲ. ನಾವು ಆ ಮನೆ ಬಿಡೋ ತನಕ ಬಾಗಿಲು ಅಲ್ಲೇ ಇತ್ತು, ಒಲೇನೂ ಅಲ್ಲೇ ಇತ್ತು."

ಓದು ಅರ್ಧಕ್ಕೆ ನಿಂತ ಮೇಲೆ ಆಕೆ ಸೇರಿದ್ದು ಅಡುಗೆಮನೆಯ ಕಪಾಟು ಮಾಡುವ ಒಂದು ಮರಗೆಲಸದ ಅಂಗಡಿಗೆ. ಮೊದಲು ಮರಳುಕಾಗದ ತಿಕ್ಕುವ ಕೆಲಸ; ನಿಧಾನಕ್ಕೆ ಮನೆಮನೆಗೆ ಹೋಗಿ ಅಳತೆ ತರುವ ಕೆಲಸ. ಹೆಂಗಸು ಟೇಪು ಹಿಡಿದು ಬಂದರೆ ಎಷ್ಟೋ ಮಂದಿ ಹಿಂದೆ ಬರುವ ಗಂಡಸಿಗಾಗಿ ಬಾಗಿಲಲ್ಲೇ ಕಾಯುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಆಕೆ ಚಪ್ಪಲಿ ಬಿಟ್ಟು ಒಳಗೆ ನಡೆಯುತ್ತಿದ್ದರು.

"ಎಲ್ಲಾ ಮನೇಲೂ ಅದೇ ಕತೆ. ಮಾತಾಡೋರು ಸೋಫಾ ಮೇಲೆ ಕೂತು ಬಣ್ಣ ಆರಿಸ್ತಾರೆ. ಅಡುಗೆ ಮಾಡೋರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ತಾರೆ. ನಾನು ಆ ಬಾಗಿಲ ಹಿಂದೆ ಹೋಗಿ ಪಿಸುಮಾತಲ್ಲಿ ಅಳತೆ ಕೇಳ್ಕೊಂಡು ಬರ್ತಿದ್ದೆ" ಎಂದು ನಗುತ್ತಾರೆ.

ಅಂಗಡಿ ಮುಚ್ಚಿದ ಮೇಲೆ ಬಿಡಿ ಕೆಲಸ ಮಾಡುತ್ತ ಈ ಶಾಲೆಯ ಗ್ರಂಥಾಲಯಕ್ಕೆ ಕಪಾಟು ಜೋಡಿಸಲು ಬಂದರು. ಬಿಡುವಿನಲ್ಲಿ ಸುತ್ತ ನೆರೆದ ಮಕ್ಕಳಿಗೆ ಕಪಾಟಿನ ಎತ್ತರ ಯಾಕೆ ಇಷ್ಟೇ ಇರಬೇಕೆಂದು ವಿವರಿಸುತ್ತಿದ್ದುದು ಮುಖ್ಯೋಪಾಧ್ಯಾಯಿನಿಯ ಕಿವಿಗೆ ಬಿತ್ತು. ಕರಕುಶಲ ತರಗತಿಗೆ ಯಾರೂ ಇರಲಿಲ್ಲ. ವಾರಕ್ಕೊಂದೆರಡು ಪಾಠ ಮಾಡುತ್ತೀರಾ ಎಂದು ಅವರು ಕೇಳಿದರೆ, "ಮಾಡ್ತೀನಿ, ಆದ್ರೆ ಕಾಗದದ ಹೂವು ಮಾಡಿಸಲ್ಲ. ಅಡುಗೆಮನೆ ಕಲಿಸ್ತೀನಿ" ಎಂದರಂತೆ. ಅಂದು ತಾತ್ಕಾಲಿಕವಾಗಿ ಸಿಕ್ಕ ಕೆಲಸ ಇಂದಿಗೂ ತಾತ್ಕಾಲಿಕವೇ. ಪ್ರತಿ ವರ್ಷ ಶಾಲೆ ತೆರೆಯುವ ಮೊದಲು, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಸಹೋದ್ಯೋಗಿಗಳಲ್ಲಿ ಕೆಲವರು ತಮಾಷೆಗೆ 'ನಿಮ್ಮ ಬಯಲು ಸಂಸಾರ ಹೇಗಿದೆ?' ಎಂದು ಕೇಳುತ್ತಾರೆ. 'ಚೆನ್ನಾಗಿದೆ, ಊಟಕ್ಕೆ ಬನ್ನಿ' ಎನ್ನುತ್ತಾರೆ ಈಕೆ.

ಆ ಸಂಸಾರ ಹೋದ ವರ್ಷ ಮುರಿದು ಬೀಳುವುದರಲ್ಲಿತ್ತು.

ತರಗತಿಯಲ್ಲಿ ಒಬ್ಬಳು ಚುರುಕು ಹುಡುಗಿ. ತಂದೆ ಬಸ್ ಚಾಲಕ, ತಾಯಿ ಹೊಲಿಗೆಯ ಕೆಲಸಕ್ಕೆ ಹೋಗುವವರು, ಮನೆಯ ಅಡುಗೆ ಅಜ್ಜಿಯದು. ಒಲೆ, ನಲ್ಲಿ, ದಿನಸಿ ಮೂರೂ ಕೈಗೆಟಕುವಂತಿರಬೇಕೆಂದು ಪಾಠದಲ್ಲಿ ಕೇಳಿದವಳಿಗೆ ತಡೆಯಲಾಗಲಿಲ್ಲ. ಒಂದು ರಜಾದಿನ ಅಜ್ಜಿ ಮಲಗಿದ್ದಾಗ ಇಡೀ ಅಡುಗೆಮನೆಯನ್ನು ತಲೆಕೆಳಗು ಮಾಡಿದಳು. ಡಬ್ಬಿಗಳು ಈ ಗೋಡೆಯಿಂದ ಆ ಗೋಡೆಗೆ ಹೋದವು, ಚಾಕುಗಳು ಬಲಗಡೆಯಿಂದ ಎಡಗಡೆಗೆ ಬಂದವು, ಗ್ಯಾಸ್ ಒಲೆ ಕಿಟಕಿಯ ಕೆಳಗೆ ಹೋಯಿತು. ಅಜ್ಜಿಗೆ ಖುಷಿಯಾಗುತ್ತದೆಂದು ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು ಕಾದು ಕೂತಳು.

ಅಜ್ಜಿ ಎದ್ದು ಬಂದು ಎಂದಿನಂತೆ ಕೈ ಚಾಚಿದರು. ಖಾಲಿ ಕಟ್ಟೆಯಿರಬೇಕಾದ ಕಡೆ ಉರಿಯುವ ಒಲೆಯಿತ್ತು. ಅಂಗೈ ಸುಟ್ಟಿತು.

ಮರುದಿನ ಬೆಳಿಗ್ಗೆ ಚಾಲಕ ಸಮವಸ್ತ್ರದಲ್ಲೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದ. "ನಮ್ಮಮ್ಮ ಇಷ್ಟು ವರ್ಷ ಅಡುಗೆ ಮಾಡಿದ್ದಾರೆ, ಒಂದು ಸಲಾನೂ ಕೈ ಸುಟ್ಕೊಂಡಿಲ್ಲ. ಲೆಕ್ಕ ಕಲಿಸಿ ಅಂತ ಮಗಳನ್ನ ಕಳಿಸಿದ್ರೆ ಮನೆ ಕೆಡಿಸೋದು ಕಲಿಸ್ತೀರಾ?" ಅವನ ದನಿ ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಮುಖ್ಯೋಪಾಧ್ಯಾಯಿನಿ ಅವನನ್ನು ಸಮಾಧಾನ ಮಾಡಿ ಕಳಿಸಿದರು. ಬಳಿಕ ಟೇಪ್ ಟೀಚರನ್ನು ಕರೆಸಿ, ಸದ್ಯಕ್ಕೆ ಆ ತರಗತಿ ನಿಲ್ಲಿಸಿಬಿಡಿ ಎಂದರು.

"ನಾನು ಮೊದಲು ಅವರ ಮನೆಗೆ ಹೋಗ್ಬರ್ತೀನಿ. ನಿಲ್ಲಿಸೋದಾ ಬೇಡ್ವಾ ಅಂತ ಆಮೇಲೆ ಹೇಳಿ" ಎಂದು ಟೀಚರ್ ಹೊರಟೇಬಿಟ್ಟರು.

ಆ ಮನೆಯ ಬಾಗಿಲಲ್ಲಿ ಅವರನ್ನು ಯಾರೂ ನಗುಮುಖದಿಂದ ಬರಮಾಡಿಕೊಳ್ಳಲಿಲ್ಲ. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಚಾಲಕ ಕೈಕಟ್ಟಿ ನಿಂತಿದ್ದ. ಟೀಚರ್ ನೇರವಾಗಿ ಅಜ್ಜಿಯ ಬಳಿ ಹೋಗಿ, ಬ್ಯಾಂಡೇಜು ಸುತ್ತಿದ ಕೈ ನೋಡಿ, "ತಪ್ಪಾಯ್ತಮ್ಮ. ಎಲ್ಲಾ ಮೊದಲಿನ ಹಾಗೇ ಇಡೋಣ. ಯಾವುದು ಎಲ್ಲಿತ್ತು ಅಂತ ನೀವು ಹೇಳಿ, ನಾನು ಇಡ್ತೀನಿ" ಎಂದರು. ಇಬ್ಬರೇ ಅಡುಗೆಮನೆಗೆ ಹೋದರು.

ಅಜ್ಜಿ ಹೇಳುತ್ತ ಹೋದರು. ಉಪ್ಪು ಇಲ್ಲಿ, ಸೌಟು ಅಲ್ಲಿ, ದೊಡ್ಡ ಡಬ್ಬಿ ಮೂಲೆಯಲ್ಲಿ. ಟೀಚರ್ ಒಂದೊಂದೇ ಇಟ್ಟರು. ಇಟ್ಟದ್ದನ್ನೆಲ್ಲ ಅಜ್ಜಿ ಬೆರಳಿನಿಂದ ಮುಟ್ಟಿ ಚೂರು ಆಚೆ ಈಚೆ ಸರಿಸುತ್ತಿದ್ದರು. ಮುಚ್ಚಳದ ಬಣ್ಣ ಬೇರೆಯಾಗಿದ್ದ ಎರಡು ಡಬ್ಬಿಗಳನ್ನು ಟೀಚರ್ ಬೇಕೆಂದೇ ಅದಲುಬದಲು ಮಾಡಿದರು. ಅಜ್ಜಿ ನೋಡುತ್ತಲೇ ಇದ್ದರು, ಏನೂ ಹೇಳಲಿಲ್ಲ. ಕೈಗೆತ್ತಿಕೊಂಡು ಅಲ್ಲಾಡಿಸಿ ಸದ್ದು ಕೇಳಿದ ಮೇಲಷ್ಟೇ "ಇದಲ್ಲ" ಎಂದರು.

ಟೀಚರ್ ಆ ಎರಡು ಡಬ್ಬಿಗಳನ್ನು ಮತ್ತೆ ಅವುಗಳ ಜಾಗಕ್ಕೆ ಇಟ್ಟರು. "ಯಾವಾಗಿಂದ ಅಮ್ಮಾ, ಕಣ್ಣು ಹೀಗೆ?"

ಅಜ್ಜಿ ಬಾಗಿಲ ಕಡೆ ಮುಖ ತಿರುಗಿಸಿ, ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡು ತಾಯಿ. ಬಹಳ ದಿನ ಆಯ್ತು. ಬೆಳಕು ಬೆಳಕಾಗಿ ಕಾಣ್ಸುತ್ತೆ, ಆಕಾರ ಕಾಣ್ಸಲ್ಲ. ಮಗನಿಗೆ ಹೇಳ್ಬೇಡ. ಹೇಳಿದ್ರೆ ನನ್ನ ಒಂದು ಮೂಲೆಗೆ ಕೂರಿಸ್ತಾನೆ, ಒಲೆ ಹತ್ರ ಸೇರಿಸಲ್ಲ. ಆಮೇಲೆ ನಾನು ಈ ಮನೇಲಿ ಯಾತಕ್ಕೆ?"

ಮನೆಯವರಿಗೆ ಯಾರಿಗೂ ಗೊತ್ತಾಗಿರಲಿಲ್ಲ. ಎಲ್ಲವೂ ಅದರದರ ಜಾಗದಲ್ಲಿರುವವರೆಗೆ ಅಜ್ಜಿಗೆ ಕಣ್ಣು ಬೇಕಿರಲಿಲ್ಲ. ಮೊಮ್ಮಗಳು ಪ್ರೀತಿಯಿಂದ ಮಾಡಿದ ಕೆಲಸ ಆ ಗುಟ್ಟನ್ನು ಕಿತ್ತು ಹೊರಗೆ ಹಾಕಿತ್ತು.

ಮುಂದೆ ಆಡಿದ ಮಾತನ್ನು ಟೇಪ್ ಟೀಚರ್ ಈಗಲೂ ಎಚ್ಚರಿಕೆಯಿಂದ ನೆನೆಸಿಕೊಳ್ಳುತ್ತಾರೆ. "ಮುಚ್ಚಿಡೋಕೆ ನನ್ನ ಕೈಯಲ್ಲಿ ಆಗಲ್ಲಮ್ಮ ಅಂದೆ. ಆದ್ರೆ ನಿಮ್ಮ ಒಲೆ ನಿಮ್ಮಿಂದ ಯಾರೂ ಕಿತ್ಕೊಳ್ಳೋಕೆ ಬಿಡಲ್ಲ, ಅದಕ್ಕೆ ನಾನು ಹೊಣೆ ಅಂದೆ. ಅವರು ಬಹಳ ಹೊತ್ತು ನನ್ನ ಕೈ ಹಿಡ್ಕೊಂಡೇ ಇದ್ರು. ಆಮೇಲೆ, ಸರಿ, ಅವನನ್ನ ಕರಿ ಅಂದ್ರು."

ಚಾಲಕ ಕೇಳಿಸಿಕೊಂಡವನು ಕಟ್ಟೆಗೆ ಒರಗಿ ನಿಂತುಬಿಟ್ಟ. ಅವನ ಮೊದಲ ಮಾತು ಅಜ್ಜಿ ಹೆದರಿದ್ದೇ ಆಗಿತ್ತು: "ಇನ್ಮೇಲೆ ಅಮ್ಮ ಅಡುಗೆಮನೆಗೆ ಬರೋದು ಬೇಡ." ಟೀಚರ್ ಜಗ್ಗಲಿಲ್ಲ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದರು. ನಿನ್ನೆಯವರೆಗೆ ಅವರ ಕೈ ಸುಟ್ಟಿರಲಿಲ್ಲ ಎಂದು ಶಾಲೆಯಲ್ಲಿ ನೀವೇ ಅಲ್ಲವೇ ಕೂಗಿದ್ದು ಎಂದು ನೆನಪಿಸಿದರು. ಕೊನೆಗೆ ಮಗನನ್ನು ಕಣ್ಣುಮುಚ್ಚಿ ನಿಲ್ಲಿಸಿ, ಅಮ್ಮ ಹೇಳಿದ ಡಬ್ಬಿ ತೆಗೆಯಿರಿ ನೋಡೋಣ ಎಂದರು. ಅವನು ತಡಕಾಡಿ ತಟ್ಟೆಗಳ ರಾಶಿಯನ್ನೇ ಉರುಳಿಸಿದ. ಅಜ್ಜಿಗೆ ನಗು ತಡೆಯಲಾಗಲಿಲ್ಲ. "ದೊಡ್ಡ ಬಸ್ಸು ಓಡಿಸ್ತಾನಂತೆ!" ಎಂದರು. ಅವನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ಡಾಕ್ಟರು ಹೋದ ದೃಷ್ಟಿ ಮರಳದು, ಔಷಧಿ ಹಾಕಿದರೆ ಉಳಿದದ್ದು ಉಳಿಯಬಹುದು ಎಂದರು. ಅಜ್ಜಿ ಈಗಲೂ ಅಡುಗೆ ಮಾಡುತ್ತಾರೆ. ಕಟ್ಟೆಯ ಅಂಚಿಗೆ ಟೀಚರ್ ತಮ್ಮ ಕೈಯಾರೆ ಒಂದು ಮರದ ಪಟ್ಟಿ ಹೊಡೆದಿದ್ದಾರೆ. ಅದರ ಮೇಲೆ ಬೆರಳು ಜಾರಿಸುತ್ತ ಹೋದರೆ ಒಲೆಗೆ ಮುಂಚೆ ಒಂದು ಗಂಟು ಸಿಗುತ್ತದೆ. ಬೇರೇನನ್ನೂ ಅವರು ಬದಲಿಸಲಿಲ್ಲ.

ತರಗತಿ ನಿಲ್ಲಲಿಲ್ಲ. ಮುಖ್ಯೋಪಾಧ್ಯಾಯಿನಿಯ ಎದುರು ಚಾಲಕನೇ ಬಂದು, "ನಡೀಲಿ ಮೇಡಂ" ಎಂದು ಹೇಳಿ ಹೋದ. ಆದರೆ ಪಾಠ ಬದಲಾಯಿತು. ಈಗ ಸಾಲು, ಓಣಿ, ಲಾಳಗಳಿಗೆ ಮೊದಲು ಮಕ್ಕಳು ಮನೆಗೆ ಹೋಗಿ, ಅಡುಗೆ ಮಾಡುವವರ ಪಕ್ಕ ಒಂದು ಹೊತ್ತು ಸುಮ್ಮನೆ ನಿಂತು ನೋಡಿ ಬರಬೇಕು. ಏನನ್ನೂ ಮುಟ್ಟುವಂತಿಲ್ಲ. "ಅಷ್ಟು ಮನೆ ಸುತ್ತಿದೋಳು ನಾನು, ಬಾಗಿಲ ಹಿಂದೆ ನಿಂತೋರನ್ನ ಕೇಳೋದು ನನ್ನ ಕಸುಬೇ ಆಗಿತ್ತು. ಮಕ್ಕಳಿಗೆ ಆಕಾರ ಹೇಳಿಕೊಡೋ ಸಂಭ್ರಮದಲ್ಲಿ ಅದನ್ನೇ ಬಿಟ್ಟಿದ್ದೆ" ಎನ್ನುತ್ತಾರೆ.

ಪಾಠಕ್ಕೆ ಈಗ ಅಜ್ಜಿಯೂ ಬರುತ್ತಾರೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಬೆಂಚಿನ ಅಂಚು ಹಿಡಿದು ನಡೆಸುವುದು ಅವರ ಪಾಲಿನ ಕೆಲಸ. ಎಡವಿದವರನ್ನು ಬೈಯುವ ಅಧಿಕಾರವೂ ಅವರದ್ದೇ. ಆ ದಿನಗಳಲ್ಲಿ ಮೊಮ್ಮಗಳು ಎಲ್ಲರಿಗಿಂತ ಮುಂದೆ ನಿಂತು, ಅಜ್ಜಿಯ ಕೈಗೆ ಒಂದೊಂದೇ ಪಾತ್ರೆ ಕೊಡುತ್ತಾಳೆ.

ಬಿಸಿಲು ಏರಿದೆ. ಗಂಟೆ ಹೊಡೆದು ಮಕ್ಕಳು ಒಳಗೆ ಓಡಿದ ಮೇಲೆ ಟೇಪ್ ಟೀಚರ್ ಬೆಂಚುಗಳನ್ನು ಎಳೆದು ತಂದು ಗೋಡೆಗೆ ಸೇರಿಸುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಕಾಯಂ ಕೆಲಸದ ಮಾತು ಅವರ ಬಾಯಲ್ಲಿ ಬರುವುದಿಲ್ಲ. ತುಸು ಯೋಚಿಸಿ, ತಲೆಯೆತ್ತಿ ಅಂಗಳದ ಮೇಲಿನ ಬರೀ ಆಕಾಶವನ್ನು ತೋರಿಸುತ್ತಾರೆ.

"ಇಲ್ಲಿಗೊಂದು ಸೂರು ಹಾಕ್ಸಿದ್ರೆ ಸಾಕು. ಮಳೆ ಬಂದ್ರೆ ಪಾಠ ನಿಂತುಹೋಗುತ್ತೆ." ಟೇಪನ್ನು ಕೊರಳಿನಿಂದ ಸರ್ರನೆ ಎಳೆದು ಸುತ್ತಿಕೊಳ್ಳುತ್ತ ಮತ್ತೆ ಹೇಳುತ್ತಾರೆ: "ಆದ್ರೆ ಹಾಕೋಕೆ ಮುಂಚೆ ನನ್ನನ್ನೊಂದು ಮಾತು ಕೇಳ್ಲಿ. ಅವರ ಪಾಡಿಗೆ ಅವರು ನಡುವೆ ಕಂಬ ನೆಟ್ಬಿಟ್ರೆ, ಅದನ್ನ ಕೀಳಿಸೋ ತನಕ ನಾನು ಸುಮ್ನೆ ಕೂರಲ್ಲ."