ಮೊದಲ ಪೀಸ್ ಸ್ಕ್ರ್ಯಾಪ್

ನನಗೆ ವಿಮಾನ ಹಾರಿಸಲು ಕಲಿಸಿದ ಮೇಷ್ಟ್ರು ಪ್ರತಿ ಸಲ ಪಾಠಕ್ಕೆ ಮುಂಚೆ ನನ್ನ ಲಾಗ್‌ಬುಕ್ ತೆರೆದು, ಹಿಂದಿನ ಪಾಠದ ತಾರೀಖು ನೋಡಿ, ಬೆರಳಲ್ಲಿ ದಿನ ಎಣಿಸುತ್ತಿದ್ದರು. ಆಮೇಲೆ ಒಂದೇ ಮಾತು: "ಕೈ ಮರೆಯತ್ತೆ ಕಣ್ರೀ."

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಬಿಡುವು ಸಿಗುತ್ತಿದ್ದುದು ಹದಿನೈದು ದಿನಕ್ಕೊಂದು ಭಾನುವಾರ. ಹಾಗಾಗಿ ಅರ್ಧ ಪಾಠ ಹಳೆಯದನ್ನು ನೆನಪಿಸಿಕೊಳ್ಳುವುದರಲ್ಲೇ ಹೋಗುತ್ತಿತ್ತು. ನನ್ನ ಜೊತೆ ಸೇರಿದ್ದವರು ಆಗಲೇ ಮೇಷ್ಟ್ರಿಲ್ಲದೆ ಒಬ್ಬೊಬ್ಬರೇ ಹಾರುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ, "ನನ್ನನ್ನ ಯಾವಾಗ ಒಬ್ಬನ್ನೇ ಬಿಡ್ತೀರಾ ಸಾರ್?"

ಅವರು ಟೀ ಲೋಟ ಕೆಳಗಿಟ್ಟರು. "ನಿಮ್ಮ ಲೇತ್ ಓಡಿಸೋ ಟರ್ನರ್ ಹದಿನೈದು ದಿನ ಊರಿಗೆ ಹೋಗಿ ಬಂದ್ರೆ, ಮೊದಲ್ನೇ ಪೀಸ್ ಯಾವ್ದು ಕೊಡ್ತೀರಾ?"

"ಸ್ಕ್ರ್ಯಾಪ್ ತುಂಡು ಸಾರ್. ಕೈ ಕುದುರೋವರೆಗೂ ಒಳ್ಳೆ ಮಾಲು ಕೊಡಲ್ಲ."

"ನಾನೂ ನಿಮಗೆ ಅದನ್ನೇ ಕೊಡ್ತಿರೋದು. ವಾರಕ್ಕೆ ಮೂರು ದಿನ ಬನ್ನಿ."

ಅಂದಿನಿಂದ ಶಾಪ್ ತೆರೆಯುವ ಮೊದಲು, ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗತೊಡಗಿದೆ.

ನಡುವೆ ಮಗಳ ಮದುವೆಗೆಂದು ಅವರು ಮೂರು ವಾರ ರಜೆ ಹಾಕಿದರು. ಮರಳಿ ಬಂದ ದಿನ ಮೊದಲ ಪಾಠ ನನ್ನದೇ. ಅವರು ನನ್ನದನ್ನು ಬಿಟ್ಟು ತಮ್ಮ ಲಾಗ್‌ಬುಕ್ ತೆರೆದು ದಿನ ಎಣಿಸಿದರು. ಬಳಿಕ ತಮ್ಮ ಬಳಿಯೇ ಕಲಿತು ಈಗ ಅಲ್ಲೇ ಪಾಠ ಹೇಳುತ್ತಿದ್ದ ಹುಡುಗಿಯನ್ನು ಕರೆದು, "ಪಕ್ಕದಲ್ಲಿ ಕೂತ್ಕೊಳ್ಳಮ್ಮ, ತಪ್ಪಾದ್ರೆ ಹೇಳು" ಎಂದರು.

ನನ್ನನ್ನು ಕೆಳಗೇ ನಿಲ್ಲಿಸಿ ಅವರಿಬ್ಬರೂ ಹಾರಿದರು. ವಿಮಾನ ಇಳಿಯುವಾಗ ಒಮ್ಮೆ ಪುಟಿಯಿತು. ಅವರು ಇನ್ನೊಂದು ಸುತ್ತು ಹೋಗಿ ಬಂದು ಮೆತ್ತಗೆ ಇಳಿಸಿದರು. ನಂತರ ನನ್ನ ಹತ್ತಿರ ನಡೆದು ಬಂದು ಕೈ ಚಾಚಿದರು.

"ನನ್ನ ಸ್ಕ್ರ್ಯಾಪ್ ಆಯ್ತು. ಈಗ ನಿಮ್ಮ ಲಾಗ್‌ಬುಕ್ ಕೊಡಿ."